ಬೆಟ್ಟ ಪರದೆಯಲ್ಲ: ನಿಸರ್ಗದೊಳಗೆ ಮನುಷ್ಯನ ಚಿತ್ರ ತೆಗೆಯುವ ಬಗೆ

ಒಂದು ಕಾಲದಲ್ಲಿ ನಮ್ಮ ಊರುಗಳ ಫೋಟೊ ಸ್ಟುಡಿಯೊಗಳಲ್ಲಿ ಕುರ್ಚಿಯ ಹಿಂದೆ ಒಂದು ಬಣ್ಣದ ಪರದೆ ಇಳಿಬಿಟ್ಟಿರುತ್ತಿತ್ತು. ಅದರಲ್ಲೊಂದು ಕೊಳ, ಎರಡು ಹಂಸ, ದೂರದಲ್ಲಿ ಹಿಮದ ಬೆಟ್ಟ. ಹೊಸದಾಗಿ ಮದುವೆಯಾದ ಜೋಡಿ, ನಾಮಕರಣದ ಮಗು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ, ಎಲ್ಲರೂ ಅದೇ ಕೊಳದ ಮುಂದೆ. ಆ ಪರದೆಗೆ ಅದರದೇ ಚೆಲುವಿತ್ತು. ನನಗೆ ಅದರ ಮೇಲೆ ಅಕ್ಕರೆಯೂ ಇದೆ. ಆದರೆ ಈಗ ನಿಜವಾದ ಮುಳ್ಳಯ್ಯನಗಿರಿಗೇ ಹತ್ತಿ ಹೋಗಿ ನಿಂತಾಗಲೂ ನಾವು ಬೆಟ್ಟವನ್ನು ಪರದೆಯನ್ನಾಗಿಯೇ ಬಳಸುತ್ತೇವೆ. ಮುಂದೆ ಮನುಷ್ಯ, ಹಿಂದೆ ಬೆಟ್ಟ, ಎರಡಕ್ಕೂ ಮಾತೇ ಇಲ್ಲ.

ಆ ಮಾತು ಹುಟ್ಟಿಸುವುದು ಕಲಿಯಬಹುದಾದ ಕೆಲಸ. ಅದು ಹುಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ತೆಗೆದ ಚಿತ್ರದಲ್ಲಿ ಮನುಷ್ಯನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ನೋಡಿ. ಉಳಿದ ಬೆಟ್ಟಕ್ಕೆ ಏನೂ ಕಡಿಮೆಯಾಗದಿದ್ದರೆ ಮನುಷ್ಯ ಅಲ್ಲಿ ಬೇಕಿರಲಿಲ್ಲ. ಈಗ ಬೆಟ್ಟವನ್ನು ಅಂಗೈಯಿಂದ ಮುಚ್ಚಿ ಮನುಷ್ಯನನ್ನಷ್ಟೇ ಉಳಿಸಿ. ಅವನಿಗೂ ಏನೂ ಕಡಿಮೆಯಾಗದಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ, ಮನೆಯ ಜಗುಲಿಯೇ ಸಾಕಿತ್ತು. ಯಾವುದನ್ನು ಮುಚ್ಚಿದರೂ ಚಿತ್ರ ಕುಸಿಯಬೇಕು.

ಸಲಕರಣೆಯ ಮಾತು ಮೊದಲೇ ಮುಗಿಸಿಬಿಡೋಣ. ಮೊಬೈಲು ಸಾಕು. ಕ್ಯಾಮೆರಾ ಇದ್ದರೆ ಅದರ ಜೊತೆ ಬಂದ ಲೆನ್ಸೇ ಸಾಕು. ಟ್ರೈಪಾಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಲ್ಲಿನ ಮೇಲೆ ಚೀಲವಿಟ್ಟು ಅದರ ಮೇಲೆ ಕ್ಯಾಮೆರಾ ಇಡಬಹುದು. ಮೊಬೈಲಿನವರಿಗೆ ಒಂದೇ ಒಂದು ಎಚ್ಚರಿಕೆ: ‘ಪೋರ್ಟ್ರೇಟ್ ಮೋಡ್’ ಬಳಸಬೇಡಿ. ಮುಖದ ಹಿಂದಿನದೆಲ್ಲವನ್ನೂ ಮಸುಕು ಮಾಡುವುದೇ ಅದರ ಕೆಲಸ. ನಮಗೆ ಬೇಕಾದ ಅರ್ಧ ಚಿತ್ರವನ್ನು ಅದು ಅಳಿಸಿಹಾಕುತ್ತದೆ.

ಹಂತ 1: ಮೊದಲು ನೆಲವನ್ನು ಓದಿ

ಚಿತ್ರ ತೆಗೆಸಿಕೊಳ್ಳುವವರನ್ನು ಕರೆದುಕೊಂಡು ಹೋಗುವ ಮೊದಲು ಒಬ್ಬರೇ ಆ ಜಾಗಕ್ಕೆ ಹೋಗಿ ಬನ್ನಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದು ಚಿಕ್ಕ ಪುಸ್ತಕ, ಪೆನ್ಸಿಲು ಹಿಡಿದು, ಆ ನೆಲ ಯಾವ ಗೆರೆಗಳಿಂದ ಆಗಿದೆ ಎಂದು ನೋಡಿ. ಪ್ರತಿ ನೆಲಕ್ಕೂ ಒಂದು ಮುಖ್ಯ ಗೆರೆ ಇರುತ್ತದೆ. ಅದನ್ನು ಮೂರು ನಾಲ್ಕು ಎಳೆಗಳಲ್ಲಿ ಬರೆಯಲು ಬಂದರೆ ಜಾಗ ನಿಮಗೆ ಅರ್ಥವಾಯಿತು. ಬರೆಯಲು ಬಾರದಿದ್ದರೆ ಇನ್ನೊಂದು ಸುತ್ತು ಹಾಕಿ.

ಮಲೆನಾಡಿನ ಅಡಿಕೆ ತೋಟದೊಳಗೆ ಹೊಕ್ಕರೆ ಎಲ್ಲ ಗೆರೆಗಳೂ ನೆಟ್ಟಗೆ ಮೇಲಕ್ಕೆ. ಬೆಳಕು ಮೇಲಿನ ಸೋಗೆಗಳ ನಡುವಿನಿಂದ ತುಣುಕು ತುಣುಕಾಗಿ ಇಳಿಯುತ್ತದೆ. ಶರಾವತಿಯ ಹಿನ್ನೀರಿಗೆ ಬಂದರೆ ಗೆರೆ ಮಲಗಿಬಿಡುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಮುಳುಗಿದ ಕಾಡಿನ ಬೋಳು ಬೊಡ್ಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಆ ಮಲಗಿದ ಗೆರೆಯ ಮೇಲೆ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ಆರುತ್ತಾ ಕುಗ್ಗಿ ಸೀಳಿದ್ದರಿಂದ ಹುಟ್ಟಿದ ಕಂಬಗಲ್ಲುಗಳಿವೆ. ಅಲ್ಲಿಯದು ಕೋನಗಳ, ಅಂಚುಗಳ ಲೋಕ. ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಲ್ಲಿ ಒಂದರ ಹಿಂದೆ ಒಂದು ಇಳಿಜಾರು. ಗದಗ, ವಿಜಯಪುರದ ಎರೆ ನೆಲದಲ್ಲಿ ಒಂದೇ ಗೆರೆ, ಅದು ಬಾನಂಚು. ಹೊಸಬರಿಗೆ ಅಲ್ಲಿ ಚಿತ್ರಕ್ಕೆ ಏನೂ ಇಲ್ಲ ಅನಿಸುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದೇ ನನ್ನ ಅಭಿಪ್ರಾಯ. ಆ ಒಂದು ಗೆರೆಯ ಮೇಲೆ ನಿಂತ ಮನುಷ್ಯನೇ ಅಲ್ಲಿ ಮರ, ಅವನೇ ಗುಡ್ಡ.

ಹಂಪಿ, ಆನೆಗೊಂದಿಯ ಸುತ್ತಲಿನ ಬಂಡೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗ್ರಾನೈಟಿನ ಸೀಳುಗಳಲ್ಲಿ ನೀರಿಳಿದು ಕಲ್ಲಿನ ಮೂಲೆಗಳು ಮೊದಲು ಸವೆಯುತ್ತವೆ, ಮೂಲೆ ಹೋದಂತೆ ಬಂಡೆ ದುಂಡಗಾಗುತ್ತದೆ. ಹಾಗಾಗಿ ಅಲ್ಲಿ ಎಲ್ಲಿ ನೋಡಿದರೂ ಬಾಗಿದ ಬೆನ್ನು, ಮಡಿಸಿದ ಮಂಡಿ, ಒರಗಿದ ಹೆಗಲು. ಮನುಷ್ಯನ ಮೈಗೆ ಇಷ್ಟು ಹತ್ತಿರದ ಭೂಮಿ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಮುಂದಿನ ಹಂತಗಳಲ್ಲಿ ಮತ್ತೆ ಮತ್ತೆ ಈ ಬಂಡೆಗಳ ಉದಾಹರಣೆ ಬರುವುದು ಅದಕ್ಕೇ. ಸ್ಮಾರಕಗಳ ಆವರಣದೊಳಗೆ ಟ್ರೈಪಾಡ್ ಬಳಸುವುದಿದ್ದರೆ ಪುರಾತತ್ವ ಇಲಾಖೆಯವರನ್ನು ಮೊದಲೇ ವಿಚಾರಿಸಿ. ಬರೀ ಬಂಡೆಗುಡ್ಡ ಸಾಕು ಎನ್ನುವವರಿಗೆ ಸ್ಮಾರಕಗಳಿಂದ ದೂರದಲ್ಲೂ ಬೇಕಾದಷ್ಟು ಜಾಗವಿದೆ.

ಹಂತ 2: ಹೊತ್ತು ಗೊತ್ತು ಮಾಡಿಕೊಳ್ಳಿ

ಮನುಷ್ಯ ಮತ್ತು ನೆಲ ಎರಡರ ಮೇಲೂ ಒಂದೇ ಬೆಳಕು ಬೀಳಬೇಕು. ಈ ಬಗೆಯ ಚಿತ್ರಣದಲ್ಲಿ ಒಂದೇ ನಿಯಮ ನೆನಪಿಟ್ಟುಕೊಳ್ಳುವುದಾದರೆ ಅದು ಇದು. ಫ್ಲ್ಯಾಶ್ ಹಾಕಿದೊಡನೆ ಮುಖಕ್ಕೆ ಒಂದು ಬೆಳಕು, ಬೆಟ್ಟಕ್ಕೆ ಇನ್ನೊಂದು ಬೆಳಕಾಗಿ ಮನುಷ್ಯ ಬೆಟ್ಟದಿಂದ ಕತ್ತರಿಸಿ ಬರುತ್ತಾನೆ. ಮುಖ ತೀರಾ ಕಪ್ಪಾಗುತ್ತಿದ್ದರೆ ಒಂದು ಬಿಳಿ ಪಂಚೆಯನ್ನು ಇಬ್ಬರು ಹಿಡಿದು ಅದರಿಂದ ಬೆಳಕು ಮರಳಿಸಿ. ಅದು ಅದೇ ಸೂರ್ಯನ, ಅದೇ ಬಣ್ಣದ ಬೆಳಕು. ಹಾಗಾಗಿ ಹೊಂದಿಕೊಳ್ಳುತ್ತದೆ.

‘ಗೋಲ್ಡನ್ ಅವರ್’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಯೂರೋಪಿನ ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಆ ಹೊನ್ನಿನ ಬೆಳಕು ಗಂಟೆಗಟ್ಟಲೆ ಇರಬಹುದು. ನಮ್ಮಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಇಳಿಯುತ್ತಾನೆ. ಬಾನಂಚಿನಿಂದ 6 ಡಿಗ್ರಿ ಎತ್ತರದಲ್ಲಿದ್ದವನು ಮುಳುಗಲು ಸುಮಾರು 25 ನಿಮಿಷ ಸಾಕು. ಆದ್ದರಿಂದ ನಮ್ಮ ನಾಡಿನಲ್ಲಿ ಆ ಹೊತ್ತಿಗೆ ಜಾಗ ಹುಡುಕಲು ಹೊರಡಬಾರದು. ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಎನ್ನುವುದು ಅಷ್ಟರೊಳಗೆ ಮುಗಿದಿರಬೇಕು. ಬೆಳಕು ಬಂದಾಗ ಕೈ ಶಟರಿನ ಮೇಲಿರಬೇಕು.

ನಡುಹಗಲು ಬೇಡ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನೆತ್ತಿಯ ನೇರಕ್ಕೇ ಬಂದು, ನಿಂತ ಕಂಬದ ನೆರಳೇ ಕಾಣದಾಗುತ್ತದೆ. ಆ ದಿನಗಳ ಮಧ್ಯಾಹ್ನ ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿಗಳಷ್ಟೇ ಕಾಣುತ್ತವೆ, ಬಂಡೆಯ ದುಂಡುತನವೂ ಹೋಗಿ ಚಪ್ಪಟೆಯಾಗುತ್ತದೆ. ಬಂಡೆ ದುಂಡಗೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಮುಖದ ಮೂಳೆಗೂ ಅದೇ ಬೆಳಕು ಬೇಕು.

ನನ್ನ ಮೆಚ್ಚಿನ ಹೊತ್ತು ಮಾತ್ರ ಇದು ಯಾವುದೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಮೋಡದ ದಿನಗಳು. ಆಗ ಇಡೀ ಆಕಾಶವೇ ಮೆದು ಬೆಳಕಿನ ದೀಪ. ನೆರಳಿನ ಅಂಚುಗಳು ಕರಗುತ್ತವೆ, ಚರ್ಮದ ಬಣ್ಣ ನಿಜವಾಗುತ್ತದೆ, ಹಸಿರಿನ ಹತ್ತಾರು ಛಾಯೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮಂಜು ಬಂದರಂತೂ ಹತ್ತಿರದ್ದು ದಟ್ಟವಾಗಿ, ದೂರದ್ದು ತೆಳ್ಳಗಾಗಿ, ನಿಮ್ಮ ಬದಲು ಮಂಜೇ ಪದರ ಬಿಡಿಸಿ ಕೊಡುತ್ತದೆ. ಲೆನ್ಸ್ ಒರೆಸಲು ಒಣ ಹತ್ತಿಬಟ್ಟೆ ಎರಡಿರಲಿ. ಉಂಬಳ ಹತ್ತದಂತೆ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ.

ಹಂತ 3: ಯಾರು, ಏನು ಉಟ್ಟು

ಮೊದಲ ಪ್ರಯತ್ನಕ್ಕೆ ಮನೆಯವರನ್ನೋ ಗೆಳೆಯರನ್ನೋ ಕರೆದುಕೊಳ್ಳಿ. ಕಾಯುವ ತಾಳ್ಮೆ ಅವರಿಗಿರುತ್ತದೆ. ಆದರೆ ಒಂದು ನೆಲದಲ್ಲಿ ಬೆಳೆದವರು ಆ ನೆಲದ ಮೇಲೆ ನಿಲ್ಲುವ ರೀತಿಯೇ ಬೇರೆ. ಗದ್ದೆಯ ಬದುವಿನ ಮೇಲೆ ಅಲ್ಲಿಯ ರೈತರು ಪಾದ ಊರುವುದನ್ನು ನೋಡಿ. ಪೇಟೆಯ ಹುಡುಗನಿಗೆ ಅದನ್ನು ಒಂದು ದಿನದಲ್ಲಿ ಕಲಿಸಲಾಗದು. ಅಂಥವರ ಚಿತ್ರ ತೆಗೆಯುವ ಆಸೆಯಿದ್ದರೆ ಹತ್ತಿರ ಹೋಗಿ ಕೇಳಿ: “ಅಜ್ಜಾ, ನಿಮ್ಮದೊಂದು ಫೋಟೊ ತೆಗೀಲಾ? ಇಲ್ಲೇ, ಕೆಲಸ ಮಾಡ್ತಾ ಇರೋ ಹಾಗೇ ಇರಿ.” ಬೇಡವೆಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ದೂರದಿಂದ ಕದ್ದು ತೆಗೆದ ಚಿತ್ರದಲ್ಲಿ ಆ ಕದ್ದ ದೂರ ಕಾಣುತ್ತದೆ.

ಬಟ್ಟೆಯ ಬಣ್ಣಕ್ಕೆ ಎರಡು ದಾರಿ. ಒಂದು, ನೆಲದ ಬಣ್ಣಕ್ಕೆ ಹತ್ತಿರ ಹೋಗುವುದು: ಜಂಬಿಟ್ಟಿಗೆ ಕಲ್ಲಿನ ದರೆಯ ಮುಂದೆ ಇಟ್ಟಿಗೆ ಬಣ್ಣ, ಕಾವಿ, ಕಂದು, ಬಂಡೆಗಳ ನಡುವೆ ಬೂದಿ, ಮಾಸಲು ಬಿಳಿ. ಎರಡು, ಒಂದೇ ಒಂದು ಎದುರು ಬಣ್ಣ: ಹಸಿರು ಗದ್ದೆಯಲ್ಲಿ ಇಳಕಲ್ ಸೀರೆಯ ದಾಳಿಂಬೆ ಕೆಂಪು. ಕಣ್ಣು ಕುಕ್ಕುವ ಕೆಂಪನ್ನು ಬಿಟ್ಟು ಗಾಢ ಕೆಂಪನ್ನೇ ಆರಿಸಿ. ಹೊಳೆಯುವ ಕೆಂಪು ಮೊಬೈಲಿನ ಸೆನ್ಸರಿನಲ್ಲಿ ಬೇಗ ಸುಟ್ಟು ನೆರಿಗೆಗಳೆಲ್ಲ ಮಾಯವಾಗಿ ಬರೀ ಬಣ್ಣದ ತೇಪೆಯಾಗುತ್ತದೆ. ಅಕ್ಷರವಿರುವ ಟೀ ಶರ್ಟು, ಬಿಳಿ ಸ್ಪೋರ್ಟ್ಸ್ ಶೂ, ಕೈಗಡಿಯಾರ ಬೇಡ. ಎಷ್ಟು ಸಣ್ಣದಾಗಿ ಕಂಡರೂ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ.

ನಮ್ಮ ಹಳ್ಳಿಗಳಲ್ಲಿ ನೆಲದಿಂದಲೇ ಮಾಡಿದ ಉಡುಗೆಗಳಿವೆ ಎನ್ನುವುದನ್ನು ಮರೆಯಬೇಡಿ. ಕರಾವಳಿಯಲ್ಲಿ ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆ, ಮಳೆಗಾಲದಲ್ಲಿ ಮಲೆನಾಡಿನವರು ತಲೆಯಿಂದ ಇಳಿಬಿಡುವ ಕಂಬಳಿಕೊಪ್ಪೆ, ಎಲೆಯ ಗೊರಬು. ತೋಟದ ಮರದ್ದೇ ಹಾಳೆ ತೋಟದವನ ತಲೆಯ ಮೇಲೆ ಕೂತಿರುವಾಗ ಮನುಷ್ಯ ಮತ್ತು ನೆಲದ ಬೆಸುಗೆ ಅರ್ಧ ಆಗಿಯೇ ಹೋಗಿದೆ. ನಾರ್ವೆಯ ಕಾರೊಲಿನ್ ಯೊರ್ಥ್ ಮತ್ತು ಫಿನ್‌ಲೆಂಡಿನ ರೀಟಾ ಇಕೊನೆನ್ ಎಂಬ ಇಬ್ಬರು ಕಲಾವಿದೆಯರು 2011ರಲ್ಲಿ ‘ಐಸ್ ಆ್ಯಸ್ ಬಿಗ್ ಆ್ಯಸ್ ಪ್ಲೇಟ್ಸ್’ ಎಂಬ ಚಿತ್ರಮಾಲೆ ಶುರುಮಾಡಿದರು. ವಯಸ್ಸಾದವರಿಗೆ ಅವರ ಸುತ್ತಲಿನ ಎಲೆ, ಪಾಚಿ, ಕಡ್ಡಿಗಳಿಂದಲೇ ಉಡುಗೆ ಮಾಡಿ ತೊಡಿಸಿ, ಅದೇ ಭೂದೃಶ್ಯದ ನಡುವೆ ಕೂರಿಸಿ ಚಿತ್ರ ತೆಗೆಯುವುದು ಅವರ ಕ್ರಮ. ಆ ಚಿತ್ರಗಳ ಮುದುಕ ಮುದುಕಿಯರು ವೇಷ ಹಾಕಿದವರಾಗಿ ಕಾಣುವುದಿಲ್ಲ. ಅವರಿಗೆ ಸಲ್ಲಬೇಕಾದ ಗಾಂಭೀರ್ಯ ಪೂರ್ತಿ ಇದೆ. ನಮ್ಮವರಲ್ಲಿ ಮುಟ್ಟಾಳೆ, ಕಂಬಳಿ ದಿನದ ಬಳಕೆಯವು. ಹಾಗಾಗಿ ಅವನ್ನು ನಿಜವಾಗಿ ಬಳಸುವವರ ತಲೆಯ ಮೇಲೆಯೇ ಇರಲಿ. ಬೇರೆಯವರಿಗೆ ತೊಡಿಸಿ ನಾಟಕ ಮಾಡಿಸಬೇಡಿ.

ಹಂತ 4: ಮನುಷ್ಯ ಎಷ್ಟು ದೊಡ್ಡವನು?

ಚೌಕಟ್ಟಿನಲ್ಲಿ ಮನುಷ್ಯ ಎಷ್ಟು ಜಾಗ ಹಿಡಿಯಬೇಕು ಎನ್ನುವುದನ್ನು ಕ್ಯಾಮೆರಾ ಎತ್ತುವ ಮೊದಲೇ ತೀರ್ಮಾನಿಸಿ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಅದರ ಬುಡದಲ್ಲಿ ಮನುಷ್ಯ ಅಕ್ಕಿಕಾಳಿನಷ್ಟಿದ್ದರೂ ಸರಿ, ಆ ಕಾಳಿನಿಂದಲೇ ಶಿಲೆಯ ಎತ್ತರ ತಿಳಿಯುತ್ತದೆ. ಬಂಡೆಗಳ ನಡುವೆ ಕೂತವರ ಚಿತ್ರದಲ್ಲಾದರೆ ಮೈಯ ಗೆರೆ ಕಾಣಬೇಕು, ಆದ್ದರಿಂದ ಚೌಕಟ್ಟಿನ ಮೂರರಲ್ಲೊಂದು ಭಾಗವಾದರೂ ಬೇಕು. ಮುಖಭಾವವೇ ಮುಖ್ಯವಾದರೆ ಅರ್ಧ. ಈ ನಡುವಿನ ಅಳತೆಗಳಲ್ಲಿ ಸುಮ್ಮನೆ ಎಲ್ಲೋ ನಿಂತುಬಿಟ್ಟರೆ ಬೆಟ್ಟವೂ ದೊಡ್ಡದಾಗಿ ಕಾಣದು, ಮುಖವೂ ಕಾಣದು. ಪ್ರವಾಸದ ಹೆಚ್ಚಿನ ಫೋಟೊಗಳು ಸೋಲುವುದು ಇಲ್ಲೇ.

ಈಗ ದೂರದ ಗುಟ್ಟು. ನೀವು 5 ಮೀಟರ್ ದೂರದಲ್ಲಿ ನಿಂತು ಗೆಳತಿಯ ಚಿತ್ರ ತೆಗೆದಿರಿ ಎನ್ನಿ. ಹಿಂದಿನ ಗುಡ್ಡ ಸಣ್ಣದಾಗಿ ಬಂತು. ಈಗ 20 ಮೀಟರಿಗೆ ಹಿಂದೆ ಸರಿದು, ನಾಲ್ಕು ಪಟ್ಟು ಜೂಮ್ ಮಾಡಿ. ಗೆಳತಿ ಮೊದಲಿನಷ್ಟೇ ಇರುತ್ತಾಳೆ, ಹಿಂದಿನ ದೂರದ ಗುಡ್ಡ ಮಾತ್ರ ಹೆಚ್ಚು ಕಡಿಮೆ ನಾಲ್ಕು ಪಟ್ಟು ಬೆಳೆದು ಅವಳ ಹೆಗಲಿಗೇ ಬಂದು ನಿಂತಿರುತ್ತದೆ. ಗುಡ್ಡ ಕಿಲೋಮೀಟರುಗಟ್ಟಲೆ ಆಚೆ ಇರುವುದರಿಂದ ನಿಮ್ಮ ಹದಿನೈದು ಮೀಟರು ಅದಕ್ಕೆ ಲೆಕ್ಕವೇ ಅಲ್ಲ. ಅದೇ ಹದಿನೈದು ಮೀಟರು ಗೆಳತಿಗೆ ಬಹಳ ದೊಡ್ಡದು. ಮನುಷ್ಯನನ್ನು ದೂರದ ಬೆಟ್ಟಕ್ಕೆ ಬೆಸೆಯಲು ಇದಕ್ಕಿಂತ ಬಲವಾದ ಉಪಾಯವಿಲ್ಲ. ಮೊಬೈಲಿನಲ್ಲಿ ಎರಡನೆಯ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಇಲ್ಲವಾದರೆ 2 ಪಟ್ಟು ಜೂಮಿನವರೆಗೆ ಹೋಗಿ ನಿಲ್ಲಿಸಿ, ಅದಕ್ಕಿಂತ ಮುಂದೆ ಚಿತ್ರ ಒಡೆಯುತ್ತದೆ.

ಇದರ ಎದುರು ದಾರಿಯೂ ಉಪಯೋಗಕ್ಕೆ ಬರುತ್ತದೆ. ವೈಡ್ ಲೆನ್ಸ್ ಹಾಕಿ ಒಂದು ಬಂಡೆಗೆ ಅಥವಾ ಬೇರಿಗೆ ತೀರಾ ಹತ್ತಿರ ಹೋದರೆ ಅದು ಚೌಕಟ್ಟು ತುಂಬುತ್ತದೆ, ಸ್ವಲ್ಪ ಹಿಂದೆ ನಿಂತ ಮನುಷ್ಯ ಅದರ ಮಡಿಲಲ್ಲಿ ಕಾಣುತ್ತಾನೆ. ಆಗ ಮನುಷ್ಯನನ್ನು ಚೌಕಟ್ಟಿನ ಮೂಲೆಗೆ ತಳ್ಳಬೇಡಿ. ವೈಡ್ ಲೆನ್ಸ್ ಮೂಲೆಯಲ್ಲಿರುವುದನ್ನೆಲ್ಲ ಹಿಗ್ಗಿಸುತ್ತದೆ. ಬಂಡೆ ಹಿಗ್ಗಿದರೆ ಯಾರಿಗೂ ತಿಳಿಯದು, ತಲೆ ಹಿಗ್ಗಿದರೆ ತಿಳಿಯುತ್ತದೆ.

ಹಂತ 5: ಮೈ ನೆಲಕ್ಕೆ ಉತ್ತರಿಸಲಿ

ಒಂದನೆಯ ಹಂತದಲ್ಲಿ ಬರೆದುಕೊಂಡ ಗೆರೆಗಳನ್ನು ಈಗ ತೆರೆಯಿರಿ. ಆ ಗೆರೆಗೆ ಮನುಷ್ಯನ ಮೈ ಎರಡು ಬಗೆಯಲ್ಲಿ ಉತ್ತರಿಸಬಹುದು: ಅದನ್ನೇ ಮತ್ತೆ ನುಡಿಯಬಹುದು, ಇಲ್ಲವೇ ಎದುರು ನುಡಿಯಬಹುದು.

ಹಂಪಿಯ ದುಂಡು ಬಂಡೆಯ ಪಕ್ಕದಲ್ಲಿ ಮಂಡಿ ಅಪ್ಪಿಕೊಂಡು, ಬೆನ್ನು ಬಾಗಿಸಿ ಕೂತರೆ ಮನುಷ್ಯ ಇನ್ನೊಂದು ಬಂಡೆಯಾಗುತ್ತಾನೆ. ಸಾಲು ಬಂಡೆಗಳಲ್ಲಿ ದೊಡ್ಡದು, ಅದಕ್ಕಿಂತ ಸಣ್ಣದು, ಆಮೇಲೆ ಮನುಷ್ಯ, ಹೀಗೆ ಇಳಿಯುತ್ತಾ ಬಂದರೆ ನೋಡುವವರ ಕಣ್ಣು ಮೂರನೆಯದರ ಮೇಲೆ ಬಂದಾಗಷ್ಟೇ ಅದಕ್ಕೆ ಜೀವವಿದೆ ಎಂದು ಕಂಡುಕೊಳ್ಳುತ್ತದೆ. ಈ ತಡವಾದ ಗುರುತೇ ಚಿತ್ರದ ಸುಖ. ಅದೇ ಬಂಡೆಯ ನೆತ್ತಿಯ ಮೇಲೆ ನೆಟ್ಟಗೆ ನಿಂತರೆ ಅದು ಎದುರು ನುಡಿ. ಅಡಿಕೆ ತೋಟದಲ್ಲಿ ನೆಟ್ಟಗೆ, ಕೈ ಇಳಿಬಿಟ್ಟು ನಿಂತವರು ಕಂಬಗಳ ಸಾಲಿಗೆ ಸೇರುತ್ತಾರೆ. ಬಗ್ಗಿ ಅಡಿಕೆ ಹೆಕ್ಕುವವರು ಇಡೀ ತೋಟದಲ್ಲಿ ಬಾಗಿದ ಒಂದೇ ಗೆರೆಯಾಗುತ್ತಾರೆ. ಎರಡೂ ಒಳ್ಳೆಯ ಚಿತ್ರಗಳೇ. ಎರಡೂ ಅಲ್ಲದೆ, ಕೈ ಸೊಂಟದ ಮೇಲಿಟ್ಟು ಕ್ಯಾಮೆರಾ ನೋಡಿ ನಗುವ ಭಂಗಿ ನೆಲದ ಜೊತೆ ಮಾತಾಡುವುದಿಲ್ಲ.

ಈ ದಾರಿಯಲ್ಲಿ ಮುಂದೆ ಹೋದವರಲ್ಲಿ ಇಬ್ಬರ ಚಿತ್ರಗಳನ್ನು ಹುಡುಕಿ ನೋಡಲೇಬೇಕು. ಅಮೆರಿಕದ ಆ್ಯನ್ ಬ್ರಿಗ್ಮನ್ (1869–1950) ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕ್ಯಾಮೆರಾ ಹೊತ್ತು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಿಗೆ ಹೋಗುತ್ತಿದ್ದರು. ಗಾಳಿಗೆ ತಿರುಚಿಕೊಂಡ ಜೂನಿಪರ್, ಪೈನ್ ಮರಗಳ ಕೊಂಬೆಗಳ ನಡುವೆ ತಮ್ಮನ್ನೂ ಗೆಳತಿಯರನ್ನೂ ನಿಲ್ಲಿಸಿ ತೆಗೆದ ಅವರ ಚಿತ್ರಗಳಲ್ಲಿ ತೋಳು ಎಲ್ಲಿ ಮುಗಿಯಿತು, ಕೊಂಬೆ ಎಲ್ಲಿ ಶುರುವಾಯಿತು ಎಂದು ಕಣ್ಣು ಹುಡುಕುತ್ತದೆ. ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವುಗಳನ್ನು ತಮ್ಮ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಇನ್ನೊಬ್ಬರು 1945ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆರ್ನೊ ರಾಫಾಯೆಲ್ ಮಿಂಕಿನೆನ್. 1970ರ ದಶಕದಿಂದ ಅವರು ತಮ್ಮ ಮೈಯನ್ನೇ ಸರೋವರ, ಹಿಮ, ಬಂಡೆಗಳ ನಡುವೆ ಇಟ್ಟು ಚಿತ್ರ ತೆಗೆಯುತ್ತಾ ಬಂದರು. ನೀರಿನಿಂದ ಎದ್ದ ಮಂಡಿ ದ್ವೀಪವಾಗಿ ಕಾಣುತ್ತದೆ. ಎರಡು ಚಿತ್ರ ಕೂಡಿಸುವ ಕೈಚಳಕ ಅವರಲ್ಲಿಲ್ಲ. ಒಂದೇ ನೆಗೆಟಿವ್, ನಿಂತ ಜಾಗ ಮತ್ತು ಕ್ಯಾಮೆರಾದ ಕೋನ ಅಷ್ಟೇ. ಕಲಿಯುವವರಿಗೆ ಅದಕ್ಕಿಂತ ಧೈರ್ಯ ಕೊಡುವ ಮಾತು ಬೇರೆ ಯಾವುದು?

ಭಂಗಿಯನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಕೆಲಸ ಕೊಡಿ. “ಅಮ್ಮಾ, ಆ ಕಲ್ಲಿಗೆ ಸ್ವಲ್ಪ ಒರಗಿಕೊಳ್ಳಿ, ಬಿಸಿ ಇದೆಯಾ ನೋಡಿ” ಎಂದರೆ ಅಂಗೈ ತಾನಾಗಿ ಕಲ್ಲಿನ ಮೇಲೆ ಸರಿಯಾದ ಭಾರದಲ್ಲಿ ಕೂರುತ್ತದೆ. “ಕಲ್ಲಿನ ಮೇಲೆ ಕೈಯಿಡಿ” ಎಂದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಚಪ್ಪಲಿ ಬಿಡಿಸಿ. ಬರಿಗಾಲು ನೆಲಕ್ಕೆ ತಾಗಿದಾಗ ಇಡೀ ಮೈಯ ನಿಲುವೇ ಬದಲಾಗುವುದನ್ನು ನೀವೇ ಕಾಣುವಿರಿ. ಮುಳ್ಳು, ಗಾಜಿನ ಚೂರು ಇಲ್ಲವೆಂದು ಮೊದಲು ನೀವು ನೋಡಿಕೊಳ್ಳಿ.

ಹಂತ 6: ಅಂಚುಗಳನ್ನು ನೋಡಿ

ಬೆಸುಗೆ ಅಂದರೆ ಮನುಷ್ಯ ಕಾಣದೇ ಹೋಗುವುದಲ್ಲ. ಎಲ್ಲಿ ಕರಗಬೇಕು, ಎಲ್ಲಿ ಬಿಡಿಯಾಗಿರಬೇಕು ಎಂದು ಆರಿಸುವುದು. ಸಾಮಾನ್ಯವಾಗಿ ಕಾಲು, ಸೊಂಟ, ಬಟ್ಟೆಯ ಅಂಚು ಕರಗಲಿ. ತಲೆಯ ಸುತ್ತು ಬಿಡಿಯಾಗಿರಲಿ. ಕಪ್ಪು ಕೂದಲು ಕಪ್ಪು ಕಾಡಿನ ಮೇಲೆ ಬಂದರೆ ತಲೆ ಮಾಯ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತಲೆಯ ಹಿಂದೆ ಮಂಜೋ ಆಕಾಶವೋ ಬೆಳಗಿದ ಎಲೆಗಳೋ ಬರುವಂತೆ ಮಾಡಿ.

ಬಾನಂಚು ಕೊರಳನ್ನು ಅಡ್ಡ ಕತ್ತರಿಸಬಾರದು. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ತಲೆ ಬಾನಿಗೆ ಏರುತ್ತದೆ. ನೀವೇ ಎತ್ತರಕ್ಕೆ ಹತ್ತಿದರೆ ಮನುಷ್ಯ ಪೂರ್ತಿ ನೆಲದೊಳಗೆ ಇಳಿಯುತ್ತಾನೆ. ಎರಡರಲ್ಲಿ ಯಾವುದು ಬೇಕೆಂದು ನಿಮ್ಮ ಚಿತ್ರದ ಭಾವ ಹೇಳುತ್ತದೆ. ತಲೆಯ ಮೇಲಿಂದ ಕೊಂಬೆ ಹುಟ್ಟಿಬರುವಂಥದ್ದು ಬೇಕೆಂದೇ ಮಾಡಿದ್ದಾದರೆ ಸರಿ, ಅರಿಯದೆ ಬಂದದ್ದಾದರೆ ತಪ್ಪಿಸಿ.

ಹಂತ 7: ಕ್ಯಾಮೆರಾದ ಲೆಕ್ಕ

ಇಲ್ಲಿ ಮನುಷ್ಯನೂ ನೆಲವೂ ಎರಡೂ ಸ್ಪಷ್ಟವಾಗಿರಬೇಕು. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ಹಾಕಿ, ಎಫ್/8 ಇಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸಿನಿಂದ 5 ಮೀಟರಿನ ಸ್ವಲ್ಪ ಆಚೆಗೆ ಫೋಕಸ್ ಮಾಡಿದರೆ ಸುಮಾರು ಎರಡೂವರೆ ಮೀಟರಿನಿಂದ ಹಿಡಿದು ಕಣ್ಣು ಕಾಣುವಷ್ಟು ದೂರದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟ. ಟೆಲಿ ಲೆನ್ಸಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಫೋಕಸ್ ಮುಖದ ಮೇಲಿರಲಿ. ದೂರದ ಬೆಟ್ಟ ತುಸು ಮೆತ್ತಗಾದರೂ ಅದರ ಆಕಾರ ಉಳಿದರೆ ಸಾಕು. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಮುಖ್ಯ ಲೆನ್ಸಿನಲ್ಲಿ ಕೆಲವು ಮೀಟರಿನ ಆಚೆ ಎಲ್ಲವೂ ತಾನಾಗಿಯೇ ಸ್ಪಷ್ಟ.

ಶಟರ್ ನಿಂತವರಿಗೆ 1/125 ಸೆಕೆಂಡು, ಗಾಳಿಗೆ ಸೆರಗು ಹಾರುತ್ತಿದ್ದರೆ 1/250 ಅಥವಾ ಇನ್ನೂ ವೇಗ. ಮಬ್ಬಿನಲ್ಲಿ ಐಎಸ್‌ಒ 800, 1600ಕ್ಕೆ ಏರಿಸಲು ಹೆದರಬೇಡಿ. ಹರಿವ ತೊರೆಯ ನೀರು ರೇಷ್ಮೆಯಾಗಿ ಬರಬೇಕಾದರೆ ಟ್ರೈಪಾಡ್ ಮೇಲೆ 1/4ರಿಂದ 1/2 ಸೆಕೆಂಡು. ಅಷ್ಟು ಹೊತ್ತು ಉಸಿರು ಹಿಡಿದು ಅಲುಗಾಡದಿರಲು ಚಿತ್ರದಲ್ಲಿರುವವರಿಗೆ ಹೇಳಿ. ಕೂತವರಿಗೆ ಇದು ಸುಲಭ, ನಿಂತವರಿಗೆ ಕಷ್ಟ.

ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಎಲ್ಲವನ್ನೂ ನಡುಬೂದಿಗೆ ತರಲು ನೋಡುತ್ತದೆ. ಮಂಜಿನಲ್ಲಿ ಅದನ್ನೇ ನಂಬಿದರೆ ಬೆಳ್ಳಗಿನ ಮಂಜು ಬೂದಿಯಾಗುತ್ತದೆ, ಎಕ್ಸ್‌ಪೋಷರ್ +0.7ರಿಂದ +1ಕ್ಕೆ ಏರಿಸಿ. ಕಪ್ಪು ತೋಟದೊಳಗೆ ಬಿಳಿ ಪಂಚೆ ಉಟ್ಟವರು ನಿಂತಿದ್ದರೆ –0.7ಕ್ಕೆ ಇಳಿಸಿ, ಇಲ್ಲವಾದರೆ ಪಂಚೆಯ ನೆರಿಗೆ ಸುಟ್ಟುಹೋಗುತ್ತದೆ. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಮೇಲೆ ಕೆಳಗೆ ಸರಿಸಿ. ಮಳೆಯಲ್ಲಿ ನೆನೆದ ಎಲೆಗಳು ಬೆಳ್ಳಗೆ ಹೊಳೆದು ಹಸಿರನ್ನು ಮುಚ್ಚುತ್ತಿದ್ದರೆ ಪೋಲರೈಸರ್ ಫಿಲ್ಟರ್ ಆ ಹೊಳಪನ್ನು ತೆಗೆಯುತ್ತದೆ. ಒಂದರಿಂದ ಎರಡು ಸ್ಟಾಪ್ ಬೆಳಕನ್ನೂ ಅದು ಕುಡಿಯುತ್ತದೆ, ಆ ಲೆಕ್ಕ ಇರಲಿ.

ಹಂತ 8: ಒತ್ತುವ ಹೊತ್ತು

ಮೊದಲ ಕೆಲವು ಚಿತ್ರಗಳಲ್ಲಿ ಎಲ್ಲರೂ ಬಿಗಿಯಾಗಿರುತ್ತಾರೆ. ಅವನ್ನು ತೆಗೆಯಿರಿ, ಆದರೆ ಅವುಗಳಿಂದ ಏನನ್ನೂ ನಿರೀಕ್ಷಿಸಬೇಡಿ. ಮಾತಾಡುತ್ತಾ ಇರಿ. ಆಮೇಲೆ ಮಾತು ನಿಲ್ಲಿಸಿ. ಆ ಮೌನದಲ್ಲಿ ಅವರ ಕಣ್ಣು ಕ್ಯಾಮೆರಾ ಬಿಟ್ಟು ಬೆಟ್ಟದ ಕಡೆಗೋ ನೀರಿನ ಕಡೆಗೋ ಹೋಗುತ್ತದೆ. ಆಗ ಒತ್ತಿ.

ಬಂಡೆಯ ತುದಿಗೆ, ಜಲಪಾತದ ಅಂಚಿಗೆ ಯಾರನ್ನೂ ಕಳಿಸಬೇಡಿ. ಪಾಚಿ ಕಟ್ಟಿದ ಕಲ್ಲು ಮಳೆಗಾಲದಲ್ಲಿ ಹೇಗೆ ಜಾರುತ್ತದೆ ಎಂದು ಅಲ್ಲಿಯವರನ್ನು ಕೇಳಿದರೆ ಹೇಳುತ್ತಾರೆ. ತುದಿಯಲ್ಲಿ ನಿಂತ ಭಾವ ಬೇಕಿದ್ದರೆ ತುದಿಯಿಂದ ಮೂರು ನಾಲ್ಕು ಮೀಟರ್ ಹಿಂದೆ ನಿಲ್ಲಿಸಿ, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ. ನಡುವಿನ ನೆಲ ಚೌಕಟ್ಟಿನಿಂದ ಮರೆಯಾಗಿ, ಅವರ ಆಚೆ ಬರೀ ಕಣಿವೆ ಕಾಣುತ್ತದೆ. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಹೂ ಬಿಟ್ಟ ಹುಲ್ಲುಗಾವಲಿನಲ್ಲಿ ಕಾಲುದಾರಿ ಬಿಟ್ಟು ಇಳಿಯಬೇಡಿ. ಟೆಲಿ ಲೆನ್ಸಿನಲ್ಲಿ ಕೆಳಗಿನಿಂದ, ಹತ್ತಿರದ ಹೂಗಳ ಮೂಲಕ ತೆಗೆದರೆ ದಾರಿಯಲ್ಲಿ ನಿಂತವರೂ ಹೂವಿನ ನಡುವೆಯೇ ಇರುತ್ತಾರೆ.

ಹಂತ 9: ಒಂದರೊಳಗೆ ಒಂದು (ಕೈ ಕುದುರಿದ ಮೇಲೆ)

ಇಷ್ಟು ಬಂದ ಮೇಲೆ ಡಬಲ್ ಎಕ್ಸ್‌ಪೋಷರ್ ಮಾಡಿ ನೋಡಿ. ಅದರ ತರ್ಕ ಸರಳ: ಬೆಳ್ಳಗಾದ ಜಾಗದಲ್ಲಿ ಇನ್ನೊಂದು ಚಿತ್ರ ಕೂರುವುದಿಲ್ಲ, ಕಪ್ಪಾದ ಜಾಗದಲ್ಲಿ ಕೂರುತ್ತದೆ. ಮಳೆಗಾಲದ ಬಿಳಿ ಆಕಾಶದ ಎದುರು ಒಬ್ಬರನ್ನು ಪಕ್ಕಕ್ಕೆ ಮುಖ ತಿರುಗಿಸಿ ನಿಲ್ಲಿಸಿ, ಆಕಾಶ ಪೂರ್ತಿ ಬಿಳುಪಾಗಿ ಮೈ ಕಪ್ಪಾಗುವಂತೆ ಒಂದು ಚಿತ್ರ ತೆಗೆಯಿರಿ. ಆಮೇಲೆ ಜರಿಗಿಡದ್ದೋ ಆಲದ ಬಿಳಲುಗಳದ್ದೋ ಇನ್ನೊಂದು. ಕ್ಯಾಮೆರಾದಲ್ಲಿ ಮಲ್ಟಿಪಲ್ ಎಕ್ಸ್‌ಪೋಷರ್ ಸೌಲಭ್ಯವಿದ್ದರೆ ಅದರಲ್ಲೇ ಆಗುತ್ತದೆ. ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್ ಆ್ಯಪಿನಲ್ಲಿ ಮೊದಲ ಚಿತ್ರ ತೆರೆದು, ‘ಡಬಲ್ ಎಕ್ಸ್‌ಪೋಷರ್’ ಒತ್ತಿ, ಎರಡನೆಯದನ್ನು ಸೇರಿಸಿ, ‘ಲೈಟನ್’ ಆರಿಸಿ. ಮುಖದ ಗೆರೆಯೊಳಗೆ ಜರಿಗಿಡ ತುಂಬಿಕೊಳ್ಳುತ್ತದೆ, ಹೊರಗಿನ ಬಿಳಿ ಹಾಗೇ ಉಳಿಯುತ್ತದೆ.

ಅಮೆರಿಕದ ಜೆರಿ ಯೂಲ್ಸ್‌ಮನ್ (1934–2022) ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ ಕತ್ತಲೆಕೋಣೆಯಲ್ಲಿ ಹಲವು ಎನ್‌ಲಾರ್ಜರ್‌ಗಳನ್ನು ಸಾಲಾಗಿಟ್ಟು, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತಾ ಬೇರೆ ಬೇರೆ ನೆಗೆಟಿವ್‌ಗಳನ್ನು ಬೆಸೆಯುತ್ತಿದ್ದರು. ಅವರ ಕೆಲಸ ನೋಡಿದರೆ ತಿಳಿಯುವುದು, ಕೂಡಿಸುವ ಎರಡೂ ಚಿತ್ರಗಳು ಒಂದನ್ನೊಂದು ಬಯಸುತ್ತಿರಬೇಕು ಎಂದು. ಮೀನುಗಾರರ ಮುಖದೊಳಗೆ ಅವರದೇ ಕಡಲಿರಲಿ, ಯಾವುದೋ ಪರದೇಶದ ಪೈನ್ ಕಾಡು ಬೇಡ.

ಹಂತ 10: ತಿದ್ದುವುದು, ಅಚ್ಚು ಹಾಕಿಸುವುದು

ತಿದ್ದುವಾಗ ಮುಖಕ್ಕೊಂದು, ಬೆಟ್ಟಕ್ಕೊಂದು ಉಪಚಾರ ಬೇಡ. ಬಣ್ಣ ಬೆಚ್ಚಗೆ ಮಾಡುವುದಿದ್ದರೆ ಇಡೀ ಚಿತ್ರಕ್ಕೆ ಮಾಡಿ. ಚರ್ಮ ನುಣುಪು ಮಾಡುವ ಸೌಲಭ್ಯವನ್ನು ಮುಟ್ಟಲೇಬೇಡಿ: ಬಂಡೆಯ ಬಿರುಕು ಬೇಕು, ಅಜ್ಜಿಯ ಸುಕ್ಕು ಬೇಡ ಎನ್ನುವ ಚಿತ್ರದಲ್ಲಿ ಬೆಸುಗೆ ಬಿಟ್ಟುಹೋಗುತ್ತದೆ. ಹೆಬ್ಬೆರಳಿನ ಪರೀಕ್ಷೆ ಮಾಡಿ, ಅದರಲ್ಲಿ ನಿಂತವುಗಳನ್ನು ಮಾತ್ರ ಉಳಿಸಿಕೊಳ್ಳಿ.

ಮನುಷ್ಯ ಚಿಕ್ಕದಾಗಿರುವ ಚಿತ್ರಗಳು ಮೊಬೈಲಿನ ಪರದೆಯಲ್ಲಿ ಸೊರಗುತ್ತವೆ, ಅವುಗಳಿಗೆ ಕಾಗದವೇ ಬೇಕು. 12 ಮೆಗಾಪಿಕ್ಸೆಲ್ ಮೊಬೈಲಿನ 4000×3000 ಚಿತ್ರವನ್ನು 16×12 ಇಂಚಿಗೆ ಹಾಕಿಸಿದರೆ ಇಂಚಿಗೆ 250 ಚುಕ್ಕೆ ಸಿಗುತ್ತದೆ, ಗೋಡೆಗೆ ಧಾರಾಳ. ಮ್ಯಾಟ್ ಕಾಗದ ಆರಿಸಿ. ಗ್ಲಾಸಿಯಲ್ಲಿ ತೋಟದ ಕಪ್ಪಿನೊಳಗೆ ಟ್ಯೂಬ್‌ಲೈಟ್ ಕಾಣುತ್ತದೆ. ಲ್ಯಾಬಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಕುಗ್ಗಿಹೋಗುತ್ತದೆ. ಎರಡು ಪ್ರತಿ ಹೇಳಿ, ಒಂದು ಚಿತ್ರದಲ್ಲಿರುವವರ ಮನೆಗೆ. ಜೊತೆಗೆ “ಆಟೊ ಕರೆಕ್ಷನ್ ಬೇಡ” ಎಂದು ಲ್ಯಾಬಿನವರಿಗೆ ಬರೆದುಕೊಡಿ. ಯಂತ್ರಕ್ಕೆ ಬಿಟ್ಟರೆ ಅದು ಮಂಜನ್ನು ಕೊರತೆಯೆಂದು ತಿಳಿದು ಕಾಂಟ್ರಾಸ್ಟ್ ಏರಿಸಿ ಒರೆಸಿಹಾಕುತ್ತದೆ.